ಮೂವತ್ತರೊಳಗಿನ ಗುಡುಗು

ಏಪ್ರಿಲ್ ೪

ಪ್ರೀತಿಯ ಮೋಡಂ ಅವರಿಗೆ,

ಶಾಲೆಯ ಮಕ್ಕಳು ನಿನ್ನನ್ನು ಮೇಡಂ ಅನ್ನಲಿ, ನನ್ನ ಆಕ್ಷೇಪಣೆ ಇಲ್ಲ. ಕಾಲೇಜಿನ ಪುಸ್ತಕ ಮಡಿಲಲ್ಲಿಟ್ಟುಕೊಂಡು ನಮ್ಮ ತಾರಸಿಯ ಮೇಲೆ ಮೂರು ಬೇಸಿಗೆ ಮೋಡ ನೋಡಿದ ನಾದಿನಿ ಈ ಭಾವನಿಗೆ ಮೋಡಂ ಆಗಿಯೇ ಇರುತ್ತಾಳೆ.

ನಮ್ಮ ಋತು ಶುರುವಾಯಿತು. ನಿನ್ನೆ ಮಧ್ಯಾಹ್ನ ಪ್ರೆಸ್ಸಿನಲ್ಲಿ ಯಾರದೋ ಲಗ್ನಪತ್ರಿಕೆಯ ಕರಡು ತಿದ್ದುತ್ತಾ ಕರಡಿಯಾಗಿದ್ದೆ. ಕಿಟಕಿಯ ಬೆಳಕು ಇದ್ದಕ್ಕಿದ್ದಂತೆ ಹಳದಿಗೆ ತಿರುಗಿತು. ಬೈಂಡರನಿಗೆ ಅಂಗಡಿ ಒಪ್ಪಿಸಿ ಎರಡು ಮಹಡಿ ಹತ್ತುವಷ್ಟರಲ್ಲಿ ನೀರಿನ ಟ್ಯಾಂಕಿನ ಹಿಂದೆ ಮೋಡ ಹೂಕೋಸಿನ ಹಾಗೆ ಉಬ್ಬಿತ್ತು. ತಳ ಮಾತ್ರ ನಮ್ಮ ಶಾಯಿ ಡಬ್ಬಿಯಷ್ಟು ಕಪ್ಪು. ಕೂರಲು ಬೆತ್ತದ ಕುರ್ಚಿ, ಒರಗಲು ಬಟ್ಟೆ ತಂತಿಯ ಕಬ್ಬಿಣದ ಕಂಬ, ಎದುರಿಗೆ ಇಡೀ ಆಕಾಶ. ಇಷ್ಟು ಒಳ್ಳೆಯ ಸೀಟು ಯಾವ ಮಹಾರಾಜನಿಗೆ ಸಿಕ್ಕೀತು ಹೇಳು.

ಮಿಂಚಿತು. ಎಣಿಸಿದೆ. ಮೆಟ್ಟಿಲ ಬಾಗಿಲ ಮೇಲೆ ನೀನು ಕೆಂಪು ಶಾಯಿಯಲ್ಲಿ ಬರೆದಿಟ್ಟ ನಿಯಮ ಇನ್ನೂ ಮಾಸಿಲ್ಲ: "ಮಿಂಚಿದ ಮೇಲೆ ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಎಲ್ಲರೂ ಕೆಳಗೆ." ನಲವತ್ತು ದಾಟಿದ ಮೇಲೆ ಎಲ್ಲೋ ಒಂದು ಸಣ್ಣ ಗುರ್ರ್. ಅಷ್ಟೇ. ಎರಡು ವರ್ಷದಿಂದ ನೋಡುತ್ತಿದ್ದೇನೆ, ಈಗಿನ ಸಿಡಿಲುಗಳು ತೀರಾ ಸಂಭಾವಿತರಾಗಿಬಿಟ್ಟಿವೆ. (ಸಂಭಾವಿತ! ಆ ಪದದೊಳಗೂ ನಾನು ಕೂತಿದ್ದೇನೆ, ನೋಡು.) ದೂರದಲ್ಲೇ ನಿಂತು ಕೆಮ್ಮಿ ಹೊರಟುಹೋಗುತ್ತವೆ. ಕೆಲವಂತೂ ಮಿಂಚಿ ತೆಪ್ಪಗಾಗುತ್ತವೆ.

ನಿಮ್ಮಕ್ಕ ಯಥಾಪ್ರಕಾರ ಮೋಡ ಕಂಡೊಡನೆ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಒಳಕೋಣೆ ಸೇರಿದಳು. ಹುಟ್ಟಿನಿಂದ ಬಂದ ಹೆದರಿಕೆ, ನಿನಗೆ ಗೊತ್ತಲ್ಲ. ಈಚೆಗೆ ಅವಳಿಗೊಂದು ಹೊಸ ಚಟ. ಊಟಕ್ಕೆ ಕೂಗುವುದನ್ನು ಬಿಟ್ಟು ಮೆಟ್ಟಿಲ ದೀಪವನ್ನು ಆರಿಸಿ ಹೊತ್ತಿಸಿ ಮಾಡುತ್ತಾಳೆ. "ಇದೇನೇ, ಹಡಗಿಗೆ ಸನ್ನೆಯಾ?" ಅಂದೆ. ಏನೋ ಗೊಣಗಿದಳು. ಬೈಂಡರ್ ಅದಕ್ಕೆ ತದ್ವಿರುದ್ಧ, ನಾಟಕದ ರಾಜನ ಹಾಗೆ ಅರಚುತ್ತಾನೆ. ಒಬ್ಬರದು ಗೊಣಗು, ಒಬ್ಬರದು ಗುಡುಗು. ನಡುವೆ ನನ್ನ ಪಾಡು ಕೊರಗು. ಒಟ್ಟಿನಲ್ಲಿ ಈ ಮನೆಗೆ ಸರಿಯಾದ ಕಿವಿ ಇರುವುದು ಒಂದೇ, ಅದು ನನ್ನದು.

ಕಾಗದ ಹಾಕು. ನಿಮ್ಮ ಕಡೆ ಆಕಾಶ ಹೇಗಿದೆ?

ನಿನ್ನ ಭಾವ


ಏಪ್ರಿಲ್ ೧೨

ಪ್ರೀತಿಯ ಭಾವ,

ಇಲ್ಲಿ ಮೋಡದ ಅಭಾವ. (ಇದರಲ್ಲೂ ನೀವಿದ್ದೀರಿ, ಸಂತೋಷಪಡಿ.) ಆಕಾಶ ಒರೆಸಿಟ್ಟ ಸ್ಲೇಟಿನ ಹಾಗಿದೆ. ಮಕ್ಕಳಿಗೆ ಮೋಡದ ಬಗೆಗಳನ್ನು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ತೋರಿಸಿದೆ. ಹಿಂದಿನ ಬೆಂಚಿನವನೊಬ್ಬ, "ಮೇಡಂ, ಇವೆಲ್ಲ ನಿಜವಾಗಿ ಇವೆಯಾ?" ಅಂತ ಕೇಳಿದ.

ಒಂದು ಮಾತು. ಏಪ್ರಿಲ್ ಮೂರನೇ ತಾರೀಖು ನಿಮ್ಮ ಬಡಾವಣೆಯ ನೀರಿನ ಟ್ಯಾಂಕಿಗೆ ಸಿಡಿಲು ಹೊಡೆದು ಬಿರುಕು ಬಿಟ್ಟಿದೆ ಅಂತ ಪೇಪರಿನಲ್ಲಿ ಓದಿದೆ. ಟ್ಯಾಂಕು ನಮ್ಮ ತಾರಸಿಯಿಂದ ಕಲ್ಲೆಸೆದರೆ ಸಿಗುವಷ್ಟು ಹತ್ತಿರ. ನೀವು ನಲವತ್ತು ಎಣಿಸಿದ್ದು ಯಾವ ಮಿಂಚಿಗೆ? ಪ್ರೆಸ್ಸಿನವರಲ್ಲವೇ, ಎಣಿಕೆಯಲ್ಲೂ ಮುದ್ರಣದೋಷ ನುಸುಳಿರಬೇಕು.

ಇನ್ನೊಂದು ಮಾತು ಇತ್ತು. ಜನವರಿಯಲ್ಲಿ ನನ್ನನ್ನು ಬಸ್ಸು ಹತ್ತಿಸಲು ಬಂದಾಗ ಕಿಟಕಿಯಿಂದ ನಿಮಗೊಂದು ವಿಷಯ ಕೇಳಿದ್ದೆ. ನೀವು ನಕ್ಕು, "ಸರಿ ಸರಿ, ಹೋಗಿ ಬಾ" ಅಂದಿರಿ. ಅದೇ ಉತ್ತರ ಅಂತ ತಿಳಿದುಕೊಂಡಿದ್ದೇನೆ. ಮತ್ತೆ ಕೇಳುವುದಿಲ್ಲ.

ಅಕ್ಕನಿಗೆ ನಮಸ್ಕಾರ ತಿಳಿಸಿ.

ನಿಮ್ಮ
ಮೋಡಂ


ಏಪ್ರಿಲ್ ೨೦

ಮೋಡಂ ಅವರಿಗೆ,

ನನ್ನ ಎಣಿಕೆಯಲ್ಲಿ ದೋಷವೇ? ನಿನ್ನ ಪೇಪರಿನವರು ಮಳೆ ನಿಂತ ಮೇಲೆ ಬಂದು, ಹಳೆಯ ಬಿರುಕಿಗೆ ಹೊಸ ಸಿಡಿಲು ಅಂಟಿಸಿದ್ದಾರೆ. ಶ್ಲೇಷೆ ಮಾಡಿ ಬದುಕುವವನಿಗೆ ಕಿವಿಯೇ ಬಂಡವಾಳ ಕಣೇ. ಕಣ್ಣು ಹೋದರೆ ನಿನ್ನ ಕೈಲಿ ಓದಿಸಿಕೊಂಡು ನಕ್ಕೇನು. ಕಿವಿ ಹೋದ ದಿನ ನಾನು ನನ್ನಪ್ಪನ ಹಾಗೆ ಮೂಲೆಯಲ್ಲಿ ಕೂತು ಎಲ್ಲರ ಮಾತಿಗೂ ತಲೆಯಾಡಿಸುವ ಗೊಂಬೆ. ಅಪ್ಪನನ್ನು ನಾನು ಅಣಕಿಸಿ ತೋರಿಸುತ್ತಿದ್ದಾಗ ನೀನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆ ಗತಿ ನನಗೆ ಬೇಡ. ತಮಾಷೆಗೂ ಆ ಮಾತು ಎತ್ತಬೇಡ.

ಇರಲಿ, ನಿನ್ನೆಯದು ಕೇಳು. ಭಾನುವಾರ, ಪ್ರೆಸ್ಸಿಗೆ ಬೀಗ. ಮೂರು ಗಂಟೆಗೆ ಮೋಡ ಅರ್ಧ ಊರನ್ನು ಮುಚ್ಚಿತು. ಬೀದಿಯಲ್ಲಿ ಗಾಳಿ ಸತ್ತು, ಎದುರುಮನೆಯ ಪರದೆ ಕೂಡ ಅಲುಗಲಿಲ್ಲ. ನಿಮ್ಮಕ್ಕ ಎಂದಿನಂತೆ ಒಂದು ಲೋಟ ತುಂಬ ನೀರು ತಂದು, ನನ್ನ ಕಣ್ಣಿಗೆ ಬೀಳುವ ಹಾಗೆ ಮೋಟುಗೋಡೆಯ ಮೇಲಿಟ್ಟು ಓಡಿಹೋದಳು. ನಾನು ಯಾವತ್ತೂ ಕುಡಿಯುವುದಿಲ್ಲ, ಅವಳು ಯಾವತ್ತೂ ಇಡುವುದು ಬಿಡುವುದಿಲ್ಲ.

ಮಿಂಚು! ಇಡೀ ತಾರಸಿ ಬಿಳಿ ಕಾಗದವಾಯಿತು. ಎಣಿಸತೊಡಗಿದೆ. ಮೂರೋ ನಾಲ್ಕೋ ಅನ್ನುವಾಗ ಪಕ್ಕದ ಮನೆಯ ಸೂರಿನ ಪಾರಿವಾಳಗಳೆಲ್ಲ ಯಾರೋ ಚಪ್ಪಾಳೆ ತಟ್ಟಿದಂತೆ ಒಟ್ಟಿಗೆ ಎದ್ದವು. ಲೋಟದ ನೀರಿನಲ್ಲಿ ಉಂಗುರ ಎದ್ದಿತು. ಕೆಳಗೆ ಯಂತ್ರ ಓಡುವಾಗ ಹಾಗಾಗುವುದುಂಟು. ಆಚೆಮನೆಯಾಕೆ ಬಟ್ಟೆ ಬಾಚಿಕೊಂಡು, ನನ್ನ ಕಡೆ ಕೈಯಾಡಿಸಿ ಏನೋ ಬಾಯಾಡಿಸಿ ಓಡಿದಳು. ನಾನು ಗಂಭೀರವಾಗಿ ಐವತ್ತರವರೆಗೆ ಎಣಿಸಿದೆ. ಗುಡುಗಿನ ಸುಳಿವಿಲ್ಲ. ಇಡೀ ಬೀದಿಯಲ್ಲಿ ಹೆದರದೆ ಕೂತವನು ನಾನೊಬ್ಬನೇ!

ಬಸ್ ಕಿಟಕಿಯ ವಿಷಯ ಯಾವುದು? ನನಗೆ ನೆನಪಾಗುತ್ತಿಲ್ಲ.

ನಿನ್ನ ಭಾವ


ಏಪ್ರಿಲ್ ೨೮

ಭಾವ,

ನಿಮ್ಮ ಕಾಗದವನ್ನು ಮೊದಲ ಸಲ ನಗುತ್ತಾ ಓದಿದೆ. ಎರಡನೇ ಸಲ ನಗು ಬರಲಿಲ್ಲ.

ಕೆಲವು ಪ್ರಶ್ನೆ ಇವೆ, ಮೇಷ್ಟ್ರ ಬುದ್ಧಿ ಅಂದುಕೊಂಡು ಉತ್ತರ ಬರೆಯಿರಿ. ಭಾನುವಾರ ಪ್ರೆಸ್ಸಿಗೆ ಬೀಗ ಅಂದಿರಿ. ಹಾಗಾದರೆ ಲೋಟದ ನೀರನ್ನು ನಡುಗಿಸಿದ್ದು ಯಾವ ಯಂತ್ರ? ನಿಮ್ಮ ಕೈಗಡಿಯಾರವನ್ನು ಕಿವಿಗೆ ಹಿಡಿದರೆ ಈಗಲೂ ಟಿಕ್ ಟಿಕ್ ಅನ್ನುತ್ತದೆಯೇ? ಪ್ರೆಸ್ಸಿಗೆ ಕಿವಿಗಡಚಿಕ್ಕುವ ಆ ದೊಡ್ಡ ಯಂತ್ರ ಬಂದದ್ದು ಎರಡು ವರ್ಷದ ಹಿಂದೆಯೇ ಅಲ್ಲವೇ?

ಮುಂದಿನ ಸಲ ಬೈಂಡರನನ್ನೂ ಮೇಲೆ ಕರೆದುಕೊಂಡು ಹೋಗಿ. ಅವನೂ ಎಣಿಸಲಿ, ನೀವೂ ಎಣಿಸಿ. ಇಬ್ಬರ ಲೆಕ್ಕ ಹೊಂದಿದರೆ ನಾನು ಸೋತೆ, ನೀವು ಹೇಳಿದ ಶಿಕ್ಷೆ. ಅಲ್ಲಿಯವರೆಗೆ ಒಬ್ಬರೇ ತಾರಸಿ ಹತ್ತಬೇಡಿ. ಇದೊಂದು ನಡೆಸಿಕೊಡಿ.

ನಿಮ್ಮ ನಾದಿನಿ


ಮೇ ೫

ಮೋಡಂ ಅವರಿಗೆ,

ಪ್ರಶ್ನೆಪತ್ರಿಕೆ ತಲುಪಿತು. ಲೋಟ ನಡುಗಿದ್ದು ಗಾಳಿಗೆ ಇರಬೇಕು; ಬಿಡು. ಕೈಗಡಿಯಾರ ನಿಂತುಹೋಗಿದೆ. ರಿಪೇರಿಯವನ ಹತ್ತಿರ ಒಯ್ದರೆ ಆ ಕಳ್ಳ ಕಿವಿಗೆ ಹಿಡಿದು ನಕ್ಕು, "ಚೆನ್ನಾಗಿ ಓಡ್ತಿದೆಯಲ್ಲ ಸಾರ್" ಅಂತ ಬರೆದೇ ತೋರಿಸಿದ. ಮುಳ್ಳು ಓಡುತ್ತದೆ ನಿಜ, ಸದ್ದು ಸತ್ತಿದೆ. ಗಡಿಯಾರಕ್ಕೂ ನಮ್ಮೂರ ಸಿಡಿಲಿನ ರೋಗ ಅಂಟಿದೆ.

ಬೈಂಡರ್ ತಂಗಿಯ ಮನೆಗೆ ರಜೆ ಹಾಕಿ ಹೋದ. ಅಂಗಡಿಯಲ್ಲಿ ಒಬ್ಬನೇ. ಅದು ಸಾಲದು ಅಂತ ಯಾರೋ ಪೋಕರಿ ಫೋನು ಮಾಡುತ್ತಾನೆ. ಮೇಜು ಅದಿರಿತೆಂದು ಎತ್ತಿ "ಹಲೋ" ಅಂದರೆ ಉತ್ತರವಿಲ್ಲ, ಇರುವೆ ನಡೆದ ಹಾಗೆ ಏನೋ ಸರಸರ. ಇಟ್ಟುಬಿಡುತ್ತೇನೆ. ಈ ವಾರದಲ್ಲಿ ಮೂರು ಸಲ ಆಯಿತು.

ಒಬ್ಬನೇ ಹತ್ತಬೇಡ ಅಂದೆಯಲ್ಲ, ಅದಕ್ಕೆ ಸಿಹಿ ಸುದ್ದಿ ಇದೆ. ನಿಮ್ಮಕ್ಕ ಬರುತ್ತಾಳಂತೆ! ಇಪ್ಪತ್ತು ವರ್ಷ ಕರೆದರೂ ತಾರಸಿಯಲ್ಲಿ ಒಂದು ಗುಡುಗು ಕಾಣದವಳು, ಮೊನ್ನೆ ಊಟಕ್ಕೆ ಕೂತಾಗ ತಾನಾಗಿಯೇ, ಎದುರಿಗೆ ಬಂದು ನಿಂತು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು: "ಮುಂದಿನ ಮೋಡಕ್ಕೆ ನಾನೂ ಬರ್ತೀನಿ. ಕಿವಿಗೆ ಹತ್ತಿ ಇಟ್ಕೊಂಡು ಶಾಲು ಹೊದ್ದು ಕೂರ್ತೀನಿ. ನಿಮ್ಮ ಕೈಯನ್ನೇ ನೋಡ್ತಿರ್ತೀನಿ, ನೀವು ಕೈ ಎತ್ತಿದ ಕ್ಷಣ ಇಬ್ಬರೂ ಇಳಿಯೋಣ." ಎಷ್ಟು ನಂಬಿಕೆ ನೋಡು ನನ್ನ ಎಣಿಕೆಯ ಮೇಲೆ! ನಿನಗಿಲ್ಲದ್ದು ಅವಳಿಗಿದೆ. ಅವಳಿಗಾಗಿ ಇನ್ನೊಂದು ಕುರ್ಚಿಯನ್ನು ಕಂಬದ ಪಕ್ಕಕ್ಕೇ ಹಾಕಿದ್ದೇನೆ, ಗಾಳಿ ಬಂದರೆ ಹಿಡಿದುಕೊಳ್ಳಲು ಅನುಕೂಲ.

ನಿನ್ನ ಭಾವ


ಮೇ ೯

ಭಾವ,

ಆ ಪೋಕರಿ ನಾನು. ಹೆಡ್ಮೇಷ್ಟ್ರ ಕೋಣೆಯಿಂದ ಮೂರು ಸಲ ಫೋನು ಮಾಡಿದೆ. ಮೂರನೇ ಸಲ ಜವಾನನೂ ಬೆಚ್ಚಿ ಒಳಗೆ ಬಂದ, ಅಷ್ಟು ಜೋರಾಗಿ ಕೂಗಿದೆ. "ಭಾವ, ನಾನು, ನಾನು" ಅಂತಲೇ ಇದ್ದೆ. ನೀವು "ಯಾರೂ ಇಲ್ಲ" ಅಂತ ನಿಮಗೆ ನೀವೇ ಹೇಳಿಕೊಂಡು ಇಟ್ಟಿರಿ.

ನಿಮಗೆ ಕಿವಿ ಕೇಳಿಸುತ್ತಿಲ್ಲ.

ತಮಾಷೆಗೂ ಎತ್ತಬೇಡ ಅಂದಿದ್ದಿರಿ. ಅದಕ್ಕೇ ಸುತ್ತಿ ಬಳಸಿ ಪ್ರಶ್ನೆ ಕೇಳಿದೆ, ನೇರ ಬರೆಯಲು ಧೈರ್ಯ ಬರಲಿಲ್ಲ. ಅದು ನನ್ನ ತಪ್ಪು. ಸಿಡಿಲು ದೂರ ಹೋಗಿಲ್ಲ ಭಾವ, ನಿಮ್ಮ ತಲೆಯ ಮೇಲೆಯೇ ಇದೆ. ಪಾರಿವಾಳಕ್ಕೆ ಕೇಳಿಸಿದೆ, ಆಚೆಮನೆಯಾಕೆಗೆ ಕೇಳಿಸಿದೆ. ಈಗ ಅಕ್ಕ ಕಿವಿ ಮುಚ್ಚಿಕೊಂಡು, ಕೇಳಿಸದವರ ಕೈ ನೋಡುತ್ತಾ, ಕಬ್ಬಿಣದ ಕಂಬದ ಪಕ್ಕ ಕೂರುತ್ತಾಳೆ. ಬಾಗಿಲ ಮೇಲಿನ ನಿಯಮ ಬರೆದವಳು ನಾನು. ಅದನ್ನು ಅಳಿಸಿಬಿಡಿ. ಮೋಡ ಕಂಡರೆ ಬಾಗಿಲು ಹಾಕಿಕೊಂಡು ಇಬ್ಬರೂ ಕೆಳಗೇ ಇರಿ.

ಬಸ್ ಕಿಟಕಿಯಿಂದ ಕೇಳಿದ್ದು ಇಷ್ಟು: ಇಲ್ಲಿ ಸರ್ವೆ ಇಲಾಖೆಯಲ್ಲಿ ಅಳತೆಗಾರರೊಬ್ಬರಿದ್ದಾರೆ. ಅಳೆದೂ ಸುರಿದೂ ಕೊನೆಗೊಮ್ಮೆ ನನ್ನನ್ನು ಮದುವೆಯಾಗುತ್ತೀಯಾ ಅಂತ ಕೇಳಿದರು. ಅಪ್ಪ ಇಲ್ಲದ ಮೇಲೆ ನನಗೆ ನೀವೇ ಹಿರಿಯರು, ನೀವು ಏನನ್ನುತ್ತೀರಿ ಅಂತ ಕೇಳಿದೆ. ನೀವು ನಕ್ಕಿರಿ. ಹಗುರ ಮಾಡಿದಿರಿ ಅಂದುಕೊಂಡು ನಾಲ್ಕು ತಿಂಗಳು ಒಳಗೊಳಗೇ ಮುನಿಸಿಕೊಂಡಿದ್ದೆ. ನಿಮಗೆ ಕೇಳಿಸಿಯೇ ಇರಲಿಲ್ಲ ಅಂತ ಈಗ ಗೊತ್ತಾಯಿತು.

ಇದನ್ನು ಎಕ್ಸ್‌ಪ್ರೆಸ್ ಅಂಚೆಗೆ ಹಾಕುತ್ತಿದ್ದೇನೆ. ಸೋಮವಾರ ರಜೆ ಸಿಕ್ಕರೆ ನಾನೂ ಹಿಂದೆಯೇ ಹೊರಡುತ್ತೇನೆ. ಅಲ್ಲಿಯವರೆಗೆ ಮೇಲೆ ಹತ್ತಬೇಡಿ. ನಿಮ್ಮ ಕಾಲಿಗೆ ಬೀಳುತ್ತೇನೆ.

ನಿಮ್ಮ ನಾದಿನಿ


ಮೇ ೧೦, ಭಾನುವಾರ, ಮಧ್ಯಾಹ್ನ

ಮೋಡಂ,

ನಾಲ್ಕೇ ಸಾಲು. ಎಂಥ ಮೋಡ ಅಂತೀ! ಬೆಳಿಗ್ಗೆಯಿಂದ ಕಟ್ಟುತ್ತಿದೆ. ತಳದಲ್ಲಿ ಹಸಿರು ಛಾಯೆ, ಹಳೆಯ ತಾಮ್ರದ ಪಾತ್ರೆಯ ಹಾಗೆ. ನಾಯಿಗಳೆಲ್ಲ ಅಂಗಡಿ ಕಟ್ಟೆಗಳ ಕೆಳಗೆ ಸೇರಿವೆ. ಬೀದಿದೀಪ ಈಗಲೇ ಹೊತ್ತಿಕೊಂಡಿದೆ.

ನಿಮ್ಮಕ್ಕ ತಯಾರು. ಹತ್ತಿಯ ಎರಡು ಉಂಡೆಯನ್ನು ನನಗೆ ತೋರಿಸಿ, ಶಾಲು ಮುಸುಕು ಹಾಕಿಕೊಂಡಳು. ಮುಖ ಕಾಗದದ ಹಾಗೆ ಬೆಳ್ಳಗಾಗಿದೆ, ಆದರೂ ನೀರಿನ ಲೋಟ ಹಿಡಿದು ನನಗಿಂತ ಮುಂದೆ ಮೆಟ್ಟಿಲ ಹತ್ತಿರ ನಿಂತಿದ್ದಾಳೆ. ದೀಪ ಆರಿಸಿ ಹೊತ್ತಿಸುತ್ತಿದ್ದಾಳೆ, ನಾನು ಬರಬೇಕಂತೆ. ಇಳಿದು ಬಂದು ಉಳಿದದ್ದು ಬರೆಯುತ್ತೇನೆ.


ಮೇ ೨೭

ಭಾವ,

ಸುಖವಾಗಿ ಊರು ತಲುಪಿದೆ.

ನಿಮ್ಮ ಮನೆಯಲ್ಲಿ ಹತ್ತು ದಿನ ಇದ್ದೆ. ನೀವು ಒಂದು ಶ್ಲೇಷೆಯನ್ನೂ ಮಾಡಲಿಲ್ಲ. ಒಂದು ಮಾತೂ ಆಡಲಿಲ್ಲ. ಆಸ್ಪತ್ರೆಯಲ್ಲಿ ಅಕ್ಕನ ಮಂಚದ ಪಕ್ಕ ಕೂತು ಎಲ್ಲದಕ್ಕೂ ತಲೆಯಾಡಿಸಿದಿರಿ. ನನ್ನ ಕಾಗದ ನಿಮ್ಮ ಜೇಬಿನಲ್ಲಿತ್ತು, ನೋಡಿದೆ.

ಅಕ್ಕ, "ಮೆಟ್ಟಿಲಲ್ಲಿ ಜಾರಿದೆ ಕಣೇ, ಕಿವಿಗೆ ಪೆಟ್ಟಾಯಿತು" ಅಂದಳು. ನಾನೂ ತಲೆಯಾಡಿಸಿದೆ. ಆದರೆ ಜಾರಿದವಳ ಶಾಲಿನ ಅಂಚು ಯಾಕೆ ಸುಟ್ಟಿತ್ತು? ತಾರಸಿಯ ಬಾಗಿಲಿಗೆ ಯಾಕೆ ಬೀಗ ಬಿದ್ದಿದೆ?

ಮಾತಾಡಲು ಆಗದಿದ್ದರೆ ಬರೆಯಿರಿ. ನಮ್ಮಿಬ್ಬರಿಗೂ ಬರವಣಿಗೆ ಚೆನ್ನಾಗಿ ಕೇಳಿಸುತ್ತದೆ.

ನಿಮ್ಮ ನಾದಿನಿ


ಜೂನ್ ೨

ಪ್ರೀತಿಯ ಮೋಡಂ,

ಜಾರಿದ್ದು ಸುಳ್ಳು. ನಿಮ್ಮಕ್ಕ ನನ್ನ ಮಾನ ಉಳಿಸಲು ಹೇಳಿದ ಸುಳ್ಳು. ನಾನು ಅದರ ಮರೆಯಲ್ಲಿ ಹತ್ತು ದಿನ ಕೂತಿದ್ದೆ.

ಮೊದಲ ಮಿಂಚು ದೂರದ್ದು. ಎರಡನೆಯದಕ್ಕೆ ನಾನು ಐದು ಎಣಿಸುವಾಗ ಅವಳು ನನ್ನ ತೋಳು ಹಿಡಿದು ಎಳೆದಳು. ಕಿವಿಗೆ ಹತ್ತಿ ಇಟ್ಟುಕೊಂಡವಳಿಗೆ ಏನು ಕೇಳಿಸೀತು, ಬರೀ ಹೆದರಿಕೆ ಅಂದುಕೊಂಡು ನಕ್ಕೆ. ಐದು ಬೆರಳು ಬಿಡಿಸಿ ತೋರಿಸಿದೆ, ಇನ್ನೂ ಐದೇ, ತಾಳು ಅಂತ. ಅವಳು ಲೋಟ ತೋರಿಸಿದಳು. ನೀರಿನಲ್ಲಿ ಉಂಗುರದ ಮೇಲೆ ಉಂಗುರ. ಏನೋ ಕೂಗಿದಳು, ಬಾಯಿ ಕಂಡಿತು. ನಾನು ಆರು ಅಂದೆ, ಏಳು ಅಂದೆ. ಆಗ ಅವಳು ನನ್ನ ಕುರ್ಚಿಯನ್ನೇ ಹಿಂದಿನಿಂದ ಎತ್ತಿ ಕೆಡವಿದಳು. ಎದ್ದವನನ್ನು ಎರಡೂ ಕೈಯಿಂದ ಬೆನ್ನಿಗೆ ಒತ್ತಿ ಬಾಗಿಲ ಕಡೆ ತಳ್ಳಿದಳು. ಮೋಡ ನೋಡಿದರೆ ಒಳಕೋಣೆ ಸೇರುತ್ತಿದ್ದ ಹೆಂಗಸು!

ಮೂರನೆಯದಕ್ಕೆ ಎಣಿಸುವ ಪ್ರಮೇಯವೇ ಬರಲಿಲ್ಲ. ನಾನು ಹೊಸಿಲ ಒಳಗೆ, ಅವಳು ಹೊಸಿಲ ಮೇಲೆ, ಕಂಬ ಅವಳ ಹಿಂದೆ. ಎಲ್ಲ ಬಿಳಿ. ಸೀಸ ಕಾದ ಹಾಗೆ ವಾಸನೆ. ಆ ಸದ್ದು ನನಗೂ ಕೇಳಿಸಿತು. ಎರಡು ವರ್ಷದಲ್ಲಿ ನನಗೆ ಸರಿಯಾಗಿ ಕೇಳಿಸಿದ ಮೊದಲ ಗುಡುಗು ಅದು.

ಮೆಟ್ಟಿಲ ಮೇಲೆ ಅವಳ ಮುಸುಕು ಸರಿಸಿ ನೋಡಿದೆ. ಕಿವಿಯಲ್ಲಿ ಹತ್ತಿ ಇರಲಿಲ್ಲ. ಬಲಗಿವಿಯಿಂದ ರಕ್ತದ ಒಂದು ಎಳೆ ಇಳಿಯುತ್ತಿತ್ತು. ಹತ್ತಿಯ ಎರಡೂ ಉಂಡೆ ಅವಳ ಮುಷ್ಟಿಯಲ್ಲಿದ್ದವು.

ನಿನ್ನ ಕಾಗದ ಮರುದಿನ ಬಂತು. ಓದಿದೆ. ಆಸ್ಪತ್ರೆಯಲ್ಲಿ ಅವಳಿಗೂ ಕೊಟ್ಟೆ. ಅವಳು ಓದಿ, ಆಶ್ಚರ್ಯವನ್ನೇ ಪಡದೆ ಮಡಿಚಿ ನನ್ನ ಜೇಬಿಗೆ ತುರುಕಿದಳು. ಆಗ ನನ್ನ ಮಂದ ತಲೆಗೆ ಹೊಳೆಯಿತು. ದೀಪ ಆರಿಸಿ ಹೊತ್ತಿಸಿದ್ದು ಯಾಕೆ. ದಿನವೂ ಲೋಟ ನೀರು ಇಟ್ಟದ್ದು ಯಾಕೆ: ಕಿವಿಗೆ ಬಾರದ ಗುಡುಗು ಕಣ್ಣಿಗಾದರೂ ಬೀಳಲಿ ಅಂತ. ಅದಕ್ಕೂ ನಾನು ಬಗ್ಗದಿದ್ದಾಗ, ಕಿವಿ ತೆರೆದುಕೊಂಡು ತಾನೇ ಹತ್ತಿಬಂದಳು. "ನಿನಗೆ ಎರಡು ವರ್ಷದಿಂದ ಗೊತ್ತಿತ್ತಲ್ಲ, ಮತ್ಯಾಕೆ ನನಗೆ ಹೇಳಲಿಲ್ಲ?" ಅಂತ ಕೇಳಿದೆ. ಅವಳು ನನ್ನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, ನಿಧಾನವಾಗಿ ತುಟಿಯಾಡಿಸಿದಳು:

"ಹೇಳಿದ್ದೆ ಕಣ್ರೀ. ನಿಮಗೆ ಕೇಳಿಸಲಿಲ್ಲ."

ಬಲಗಿವಿ ಇನ್ನು ಬರುವುದಿಲ್ಲ ಅಂತ ಡಾಕ್ಟರು ಬರೆದುಕೊಟ್ಟಿದ್ದಾರೆ. ಈ ಮನೆಗೆ ಕಿವಿ ಇರುವುದು ಒಂದೇ ಅಂತ ಏಪ್ರಿಲಿನಲ್ಲಿ ಜಂಬ ಕೊಚ್ಚಿದ್ದೆ. ಮಾತು ನಿಜವಾಯಿತು. ಅದು ನಿಮ್ಮಕ್ಕನ ಎಡಗಿವಿ.

ನಿನ್ನ ಅಳತೆಗಾರನನ್ನು ಕರೆದುಕೊಂಡು ಬಾ. ನನ್ನ ಉತ್ತರ ಸಂತೋಷದ ಹೂಂ. ಬಂದಾಗ ಎದುರಿಗೆ ಕೂತು ಮಾತಾಡಲಿ, ಮೀಸೆ ಇದ್ದರೆ ಕತ್ತರಿಸಿಕೊಂಡು ಬರಲಿ, ತುಟಿ ಕಾಣಬೇಕು.

ಹೊರಗೆ ಮೋಡ ಕಟ್ಟುತ್ತಿದೆ. ನಾವಿಬ್ಬರೂ ಒಳಕೋಣೆಯಲ್ಲಿದ್ದೇವೆ, ಕಿಟಕಿ ಹಾಕಿದೆ. ಸಂದಿಯಿಂದ ಈಗ ತಾನೇ ಬೆಳಕು ನುಗ್ಗಿ ಗೋಡೆ ಬೆಳ್ಳಗಾಯಿತು. ನಾನು ಎಣಿಸುತ್ತಿಲ್ಲ. ನಿಮ್ಮಕ್ಕ ಎಡಗಿವಿಯನ್ನು ಬಾಗಿಲ ಕಡೆ ಮಾಡಿ ಕೂತಿದ್ದಾಳೆ. ನಾನು ಗುಡುಗಿಗಾಗಿ ಅವಳ ಮುಖ ನೋಡುತ್ತಾ ಇದನ್ನು ಬರೆಯುತ್ತಿದ್ದೇನೆ.

ಹುಬ್ಬು ಇನ್ನೂ ಅಲುಗಿಲ್ಲ.

ನಿನ್ನ ಭಾವ